ಡಿಸ್ಕ್ 100% ತೋರಿಸಿ ಕಂಪ್ಯೂಟರ್ ನಿಂತುಬಿಟ್ಟರೆ: ಫಾರ್ಮ್ಯಾಟ್‌ಗೆ ಮುಂಚೆ ನೋಡಬೇಕಾದ್ದು

ಲಕ್ಷಣ ಹೀಗಿರುತ್ತದೆ. ಕಂಪ್ಯೂಟರ್ ಆನ್ ಆಗುತ್ತದೆ, ಡೆಸ್ಕ್‌ಟಾಪ್ ಬರುತ್ತದೆ, ಮೌಸ್ ಕೂಡ ಓಡಾಡುತ್ತದೆ. ಆದರೆ ಏನನ್ನು ಕ್ಲಿಕ್ ಮಾಡಿದರೂ ಸುಮ್ನೆ ತಿರುಗುತ್ತಾ ಕೂರುತ್ತದೆ. ಬ್ರೌಸರ್ ತೆರೆಯಲು ಎರಡು ಮೂರು ನಿಮಿಷ. ಫೈಲ್ ಸೇವ್ ಮಾಡಲು ಹೋದರೆ 'ನಾಟ್ ರೆಸ್ಪಾಂಡಿಂಗ್'. ಟಾಸ್ಕ್ ಮ್ಯಾನೇಜರ್ ತೆರೆದರೆ ಸಿಪಿಯುಗೆ ಹೆಚ್ಚು ಕೆಲಸವೇ ಇಲ್ಲ. ಡಿಸ್ಕ್ ಮಾತ್ರ 100% ತೋರಿಸುತ್ತಾ ನಿಂತಿದೆ.

ಹಾರ್ಡ್ ಡಿಸ್ಕ್ ಇರುವ ವಿಂಡೋಸ್ 10 ಮತ್ತು 11 ಕಂಪ್ಯೂಟರ್‌ಗಳಲ್ಲಿ ಇದು ತೀರಾ ಸಾಮಾನ್ಯ. ಇದಕ್ಕೆ ಸಿಗುವ ಸಲಹೆಯೂ ಅಷ್ಟೇ ಸಾಮಾನ್ಯ: 'ವೈರಸ್ ಇರಬೇಕು, ಫಾರ್ಮ್ಯಾಟ್ ಮಾಡಿಸಿಬಿಡಿ.' ಈ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಫಾರ್ಮ್ಯಾಟ್ ಮಾಡಿದರೆ ಕಾಯಿಲೆ ಏನಿತ್ತು ಅಂತ ಗೊತ್ತಾಗುವುದಿಲ್ಲ. ಡಿಸ್ಕೇ ಹಾಳಾಗುತ್ತಿದ್ದರೆ ಸ್ವಲ್ಪ ದಿನ ಚೆನ್ನಾಗಿ ಓಡಿ ಮತ್ತೆ ಅಲ್ಲಿಗೇ ಬರುತ್ತದೆ. ರ‍್ಯಾಮ್ (ಓಡುತ್ತಿರುವ ಪ್ರೋಗ್ರಾಂಗಳನ್ನು ಇಟ್ಟುಕೊಳ್ಳುವ ತಾತ್ಕಾಲಿಕ ಮೆಮೊರಿ) ಸಾಲದಿದ್ದರೆ ನಾಲ್ಕು ಪ್ರೋಗ್ರಾಂ ಹಾಕಿದ ಕೂಡಲೇ ಹಳೆಯ ಕಥೆ. ಈ ಗಡಿಬಿಡಿಯಲ್ಲಿ ಮದುವೆ ಫೋಟೋ, ಮಕ್ಕಳ ವಿಡಿಯೋ, ಜಮೀನಿನ ಕಾಗದದ ಸ್ಕ್ಯಾನ್ ಹೋಗಿಬಿಟ್ಟರೆ ಯಾರೂ ತಂದುಕೊಡುವುದಿಲ್ಲ.

100% ಅನ್ನುವುದು ಒಂದೇ ಕಾಯಿಲೆಯಲ್ಲ. ಡಿಸ್ಕ್ ಸಾಯುತ್ತಿರಬಹುದು. ಡಿಸ್ಕ್ ಚೆನ್ನಾಗಿದ್ದು ಕೆಲಸ ಜಾಸ್ತಿಯಾಗಿರಬಹುದು. ರ‍್ಯಾಮ್ ಸಾಲದೆ ಅದರ ಹೊರೆ ಡಿಸ್ಕ್ ಮೇಲೆ ಬಿದ್ದಿರಬಹುದು. ಯಾವುದು ಅಂತ ಕಂಡುಹಿಡಿಯಲು ಬೇಕಾದ ಸಾಧನ ಬಹುಪಾಲು ವಿಂಡೋಸ್‌ನಲ್ಲೇ ಇದೆ. ಸೆಟ್ಟಿಂಗ್ ಬದಲಾಯಿಸಲು ಕೈಹಾಕುವ ಮೊದಲು ಸುಮ್ಮನೆ ನೋಡಿ.

ನೋಡುವುದಕ್ಕೂ ಮುಂಚೆ, ಕಾಪಿ

ಡಿಸ್ಕ್‌ನಿಂದ ಟಕ್ ಟಕ್ ಅಂತ ಒಂದೇ ಲಯದಲ್ಲಿ ಸದ್ದು ಬರುತ್ತಿದ್ದರೆ ಇಲ್ಲಿಗೇ ನಿಲ್ಲಿಸಿ. ಕಂಪ್ಯೂಟರ್ ಆಫ್ ಮಾಡಿ. ಅದರಲ್ಲಿ ಬೇರೆಲ್ಲೂ ಕಾಪಿ ಇಲ್ಲದ ಫೈಲ್‌ಗಳಿದ್ದರೆ ಮತ್ತೆ ಮತ್ತೆ ಆನ್ ಮಾಡಿ ನೋಡಬೇಡಿ. ಒಳಗೆ ಡೇಟಾ ಓದುವ ತಲೆ (ಹೆಡ್) ತಿರುಗುವ ತಟ್ಟೆಗೆ ತಾಗುತ್ತಿದ್ದರೆ ಪ್ರತಿ ಸಲ ಆನ್ ಮಾಡಿದಾಗಲೂ ಇನ್ನಷ್ಟು ಹಾಳಾಗುತ್ತದೆ. ಡೇಟಾ ರಿಕವರಿ ಮಾಡುವವರ ಹತ್ತಿರವೇ ಹೋಗಬೇಕು.

ಸದ್ದು ಇಲ್ಲ, ಬರೀ ನಿಧಾನ ಅಂದರೆ ಮೊದಲು ಮುಖ್ಯವಾದ ಫೈಲ್‌ಗಳನ್ನು ಎಕ್ಸ್‌ಟರ್ನಲ್ ಡಿಸ್ಕ್‌ಗೋ ಪೆನ್ ಡ್ರೈವ್‌ಗೋ ಹಾಕಿಕೊಳ್ಳಿ. ಮತ್ತೆ ಸಿಗದಂಥವು ಮೊದಲು, ಸಿನಿಮಾ ಹಾಡು ಕೊನೆಗೆ. ಡಾಕ್ಯುಮೆಂಟ್ಸ್ ಫೋಲ್ಡರ್ ಒಂದನ್ನೇ ನೋಡಬೇಡಿ. ನಮ್ಮ ಮನೆಗಳಲ್ಲಿ ಅರ್ಧ ಕಡತ ಡೆಸ್ಕ್‌ಟಾಪ್‌ನಲ್ಲೂ ಇನ್ನರ್ಧ ಡೌನ್‌ಲೋಡ್ಸ್‌ನಲ್ಲೂ ಇರುತ್ತವೆ. ಅಂಗಡಿ ಲೆಕ್ಕ ಟ್ಯಾಲಿಯಲ್ಲಿದ್ದರೆ ಅದರ ಡೇಟಾ ಫೋಲ್ಡರ್ ಎಲ್ಲಿದೆ ಅಂತ ಲೆಕ್ಕ ಬರೆಯುವವರನ್ನೇ ಕೇಳಿ. ಹಳೆಯ ನುಡಿ ಅಥವಾ ಬರಹದಲ್ಲಿ, ಯೂನಿಕೋಡ್‌ಗೆ ಮುಂಚಿನ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಫೈಲ್‌ಗಳಿದ್ದರೆ ಆ ಫಾಂಟ್‌ಗಳನ್ನೂ ಎತ್ತಿಟ್ಟುಕೊಳ್ಳಿ. ಅವಿಲ್ಲದೆ ಆ ಕಡತ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ.

ಇನ್ನೊಂದು ಎಚ್ಚರಿಕೆ. ಈಚಿನ ಹಲವು ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್‌ಗೆ ಬಿಟ್‌ಲಾಕರ್ ಬೀಗ ತಾನಾಗಿಯೇ ಬಿದ್ದಿರುತ್ತದೆ. ಬಯಾಸ್‌ನಲ್ಲಿ (ವಿಂಡೋಸ್‌ಗೂ ಮುಂಚೆ ಓಡುವ ಬೋರ್ಡಿನ ಸೆಟ್ಟಿಂಗ್) ಏನಾದರೂ ಬದಲಾದರೆ 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿ ಲಾಗಿನ್ ಆಗಿದ್ದರೆ ಆ ಕೀ ಸಾಮಾನ್ಯವಾಗಿ ಆ ಅಕೌಂಟ್‌ನಲ್ಲೇ ಇರುತ್ತದೆ. ಈಗಲೇ ಹುಡುಕಿ ಕಾಗದದ ಮೇಲೆ ಬರೆದಿಡಿ.

ಮೂರು ಅಂಕಿಗಳನ್ನು ಒಟ್ಟಿಗೆ ಓದಬೇಕು

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀಗಳನ್ನು ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ವಿಂಡೋಸ್ 10ರಲ್ಲಿ ಚಿಕ್ಕ ಕಿಟಕಿ ಬಂದರೆ ಕೆಳಗಿನ 'ಮೋರ್ ಡೀಟೇಲ್ಸ್' ಒತ್ತಿ. ಪರ್ಫಾರ್ಮೆನ್ಸ್ ಭಾಗಕ್ಕೆ ಹೋಗಿ 'ಡಿಸ್ಕ್ 0' ಕ್ಲಿಕ್ ಮಾಡಿ. ಎರಡು ಡಿಸ್ಕ್ ಇದ್ದರೆ ವಿಂಡೋಸ್ ಇರುವುದು ಯಾವುದು ಅಂತ ಪಕ್ಕದಲ್ಲಿರುವ ಸಿ ಡ್ರೈವ್ ಗುರುತಿನಿಂದ ತಿಳಿಯುತ್ತದೆ. ಅದು ಎಚ್‌ಡಿಡಿಯೋ (ತಟ್ಟೆ ತಿರುಗುವ ಹಾರ್ಡ್ ಡಿಸ್ಕ್) ಎಸ್‌ಎಸ್‌ಡಿಯೋ (ತಿರುಗುವ ಭಾಗವಿಲ್ಲದ, ಚಿಪ್‌ನಲ್ಲೇ ಬರೆಯುವ ಡಿಸ್ಕ್) ಅಂತಲೂ ಅಲ್ಲೇ ಬರೆದಿರುತ್ತದೆ. ನಿಮ್ಮ ಹತ್ತಿರ ಯಾವುದಿದೆ ಅಂತ ಗೊತ್ತಿಲ್ಲದಿದ್ದರೆ ಈಗ ನೋಡಿಕೊಳ್ಳಿ. ಮುಂದಿನ ಲೆಕ್ಕವೆಲ್ಲ ಅದರ ಮೇಲೇ ನಿಂತಿದೆ.

ಇಲ್ಲಿ ಮೂರು ಅಂಕಿ ನೋಡಬೇಕು. 'ಆಕ್ಟಿವ್ ಟೈಮ್' ಅಂದರೆ ಡಿಸ್ಕ್ ಎಷ್ಟು ಹೊತ್ತು ಕೆಲಸದಲ್ಲಿತ್ತು ಅನ್ನುವುದು. ಎಲ್ಲರೂ ನೋಡಿ ಗಾಬರಿಯಾಗುವ 100% ಇದೇ. ಎರಡನೆಯದು ರೀಡ್ ಮತ್ತು ರೈಟ್ ವೇಗ. ಮೂರನೆಯದು 'ಆವರೇಜ್ ರೆಸ್ಪಾನ್ಸ್ ಟೈಮ್', ಅಂದರೆ ಒಂದು ಕೋರಿಕೆಗೆ ಡಿಸ್ಕ್ ಉತ್ತರ ಕೊಡಲು ತೆಗೆದುಕೊಂಡ ಸರಾಸರಿ ಸಮಯ, ಮಿಲಿಸೆಕೆಂಡ್‌ನಲ್ಲಿ. ರೋಗ ಹೇಳುವುದು ಈ ಮೂರನೆಯ ಅಂಕಿ.

'100% ಇದೆ, ಆದರೆ ಸೆಕೆಂಡಿಗೆ ಒಂದು ಎಂಬಿಯೂ ಓಡುತ್ತಿಲ್ಲ, ಹಾಗಾದರೆ ಡಿಸ್ಕ್ ಹೋಗಿದೆ' ಅಂತ ಬಹಳ ಜನ ತೀರ್ಮಾನಿಸಿಬಿಡುತ್ತಾರೆ. ಹಾರ್ಡ್ ಡಿಸ್ಕ್ ವಿಷಯದಲ್ಲಿ ಇದು ತಪ್ಪು. ಲೆಕ್ಕ ಹಾಕಿ ನೋಡೋಣ. ಲ್ಯಾಪ್‌ಟಾಪ್‌ನ ಹಾರ್ಡ್ ಡಿಸ್ಕ್ ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ. ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡ್. ಬೇಕಾದ ಜಾಗ ತಲೆಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ಅದಕ್ಕೂ ಮುಂಚೆ ತಲೆ ಸರಿಯಾದ ಸಾಲಿಗೆ ಸರಿಯಲು ಹತ್ತು ಹನ್ನೆರಡು ಮಿಲಿಸೆಕೆಂಡ್ ಬೇಕು. ಎಲ್ಲಾ ಸೇರಿ ಒಂದು ಚೂರು ಓದಲು 15ರಿಂದ 20 ಮಿಲಿಸೆಕೆಂಡ್. ಅಂದರೆ ಸೆಕೆಂಡಿಗೆ 50ರಿಂದ 65 ಚೂರು ಅಷ್ಟೇ. ಪ್ರತಿ ಚೂರು 4 ಕೆಬಿ ಇದ್ದರೆ ಒಟ್ಟು 200ರಿಂದ 260 ಕೆಬಿ! ಅದೇ ಡಿಸ್ಕ್ ಒಂದು ದೊಡ್ಡ ವಿಡಿಯೋವನ್ನು ಸಾಲಾಗಿ ಓದುವಾಗ ಸೆಕೆಂಡಿಗೆ 80, 100 ಎಂಬಿ ಕೊಡಬಲ್ಲದು. ಒಂದೇ ಸಾಲಿನಲ್ಲಿ ರಾಗಿ ಕೊಯ್ಯುವುದಕ್ಕೂ ಹೊಲವೆಲ್ಲ ಓಡಾಡಿ ಒಂದೊಂದೇ ತೆನೆ ಕೀಳುವುದಕ್ಕೂ ಇರುವ ವ್ಯತ್ಯಾಸ ಇದು. ವಿಂಡೋಸ್ ಶುರುವಾಗುವಾಗ ಕೇಳುವುದೆಲ್ಲ ಚೂರು ಚೂರೇ. ಹಾಗಾಗಿ ಆರೋಗ್ಯವಾಗಿರುವ ಹಾರ್ಡ್ ಡಿಸ್ಕ್ ಕೂಡ ಆನ್ ಮಾಡಿದ ಮೊದಲ ಐದು ಹತ್ತು ನಿಮಿಷ 100% ತೋರಿಸುತ್ತದೆ. ಅದು ದೋಷ ಅಲ್ಲ, ಆ ಯಂತ್ರದ ಮಿತಿ.

ಈಗ ರೆಸ್ಪಾನ್ಸ್ ಟೈಮ್ ಹೇಗೆ ಓದುವುದು ಅಂತ ನೋಡೋಣ. ಕಂಪ್ಯೂಟರ್ ಆನ್ ಮಾಡಿ ಕಾಲು ಗಂಟೆ ಬಿಡಿ, ಏನೂ ತೆರೆಯಬೇಡಿ. ಆಮೇಲೆ ನೋಡಿ. ಹಾರ್ಡ್ ಡಿಸ್ಕ್‌ನಲ್ಲಿ ಹತ್ತಿಪ್ಪತ್ತು ಮಿಲಿಸೆಕೆಂಡ್ ಇದ್ದರೆ ಆರಾಮ. ಕೆಲಸ ಜಾಸ್ತಿ ಇದ್ದಾಗ ಸರತಿ ಬೆಳೆದು ನೂರು, ಇನ್ನೂರು ಮುಟ್ಟಬಹುದು, ಅದೂ ಸಹಜ. ಹೆಚ್ಚೇನೂ ಕೆಲಸ ಇಲ್ಲದಿದ್ದರೂ ಸಾವಿರ, ಮೂರು ಸಾವಿರ, ಹತ್ತು ಸಾವಿರ ಅಂತ ಮತ್ತೆ ಮತ್ತೆ ಏರುತ್ತಿದ್ದರೆ, ಆಗ ವೇಗ ಸೊನ್ನೆಗೆ ಬಿದ್ದಿದ್ದರೆ, ಡಿಸ್ಕ್ ಒಂದು ಜಾಗ ಓದಲಾಗದೆ ಮತ್ತೆ ಮತ್ತೆ ಪ್ರಯತ್ನಿಸುತ್ತಿದೆ ಅಂತಲೇ ಅನುಮಾನಿಸಿ. ಎಸ್‌ಎಸ್‌ಡಿಯಲ್ಲಿ ಮಾಪನವೇ ಬೇರೆ. ಅಲ್ಲಿ ಒಂದೆರಡು ಮಿಲಿಸೆಕೆಂಡ್‌ಗಿಂತ ಕಡಿಮೆ ಇರುವುದು ರೂಢಿ. ಸುಮ್ಮನೆ ಕೂತ ಎಸ್‌ಎಸ್‌ಡಿ ಆಗಾಗ ನೂರಾರು ಮಿಲಿಸೆಕೆಂಡ್ ತೋರಿಸಿದರೆ ಅದೇ ಎಚ್ಚರಿಕೆ.

ಡಿಸ್ಕ್ ಸಾಯುತ್ತಿದೆ ಅನ್ನುವುದಕ್ಕೆ ಪುರಾವೆ

ಅನುಮಾನ ಬಂದ ಮೇಲೆ ಪುರಾವೆ ಬೇಕು. ವಿಂಡೋಸ್ ಅದನ್ನು ಬರೆದಿಟ್ಟಿರುತ್ತದೆ. ಸ್ಟಾರ್ಟ್ ಮೆನುವಿನಲ್ಲಿ ಇವೆಂಟ್ ವ್ಯೂವರ್ ಹುಡುಕಿ ತೆರೆಯಿರಿ. ವಿಂಡೋಸ್ ಲಾಗ್ಸ್, ಅದರೊಳಗೆ ಸಿಸ್ಟಂ. ಅಲ್ಲಿ ನೂರಾರು ಸಾಲು, ಕೆಂಪು ಗುರುತು ಎಲ್ಲ ಕಾಣುತ್ತವೆ. ಹೆದರಬೇಡಿ, ಚೆನ್ನಾಗಿರುವ ಕಂಪ್ಯೂಟರ್‌ನಲ್ಲೂ ಅವು ಇದ್ದೇ ಇರುತ್ತವೆ. ನಮಗೆ ಬೇಕಾದ್ದು 'ಡಿಸ್ಕ್' ಅನ್ನುವ ಮೂಲದಿಂದ ಬಂದ ಸಾಲುಗಳು. ಇವೆಂಟ್ ಸಂಖ್ಯೆ 7 ಅಂದರೆ ಕೆಟ್ಟ ಬ್ಲಾಕ್ ಸಿಕ್ಕಿದೆ. 153 ಅಂದರೆ ಒಂದು ಕೆಲಸವನ್ನು ಮತ್ತೆ ಮಾಡಬೇಕಾಯಿತು. 51 ಅಂದರೆ ಪೇಜಿಂಗ್ (ಮೆಮೊರಿಯಲ್ಲಿರುವುದನ್ನು ಡಿಸ್ಕ್‌ಗೆ ಇಳಿಸಿ ಎತ್ತುವುದು) ಮಾಡುವಾಗ ತೊಂದರೆಯಾಯಿತು. ಡಿಸ್ಕ್ ನಡೆಸುವ ಡ್ರೈವರ್‌ನ ಹೆಸರಿನಲ್ಲಿ 129 ಬಂದಿದ್ದರೆ ಡಿಸ್ಕ್ ಉತ್ತರವನ್ನೇ ಕೊಡದೆ ಅದನ್ನು ರೀಸೆಟ್ ಮಾಡಬೇಕಾಯಿತು ಅಂತ ಅರ್ಥ. ಸಾಲಿನೊಳಗೆ ಬರೆದಿರುವ ಹಾರ್ಡ್ ಡಿಸ್ಕ್ ಸಂಖ್ಯೆಯನ್ನೂ ನೋಡಿ. ಟಾಸ್ಕ್ ಮ್ಯಾನೇಜರ್‌ನ ಡಿಸ್ಕ್ 0, ಡಿಸ್ಕ್ 1 ಇದೇ ಸಂಖ್ಯೆ. ಸರಿಯಾಗಿ ತೆಗೆಯದೆ ಕಿತ್ತ ಪೆನ್ ಡ್ರೈವ್‌ನ ದೂರನ್ನು ಒಳಗಿನ ಡಿಸ್ಕ್ ತಲೆಗೆ ಕಟ್ಟಬಾರದು, ಅಲ್ವಾ?

ಎರಡನೆಯ ಪುರಾವೆ ಡಿಸ್ಕ್ ತನ್ನ ಬಗ್ಗೆ ತಾನೇ ಬರೆದುಕೊಳ್ಳುವ ಸ್ಮಾರ್ಟ್ ದಾಖಲೆ. ಇದನ್ನು ಓದಲು ಕ್ರಿಸ್ಟಲ್ ಡಿಸ್ಕ್ ಇನ್ಫೋ ಅನ್ನುವ ಉಚಿತ ಪ್ರೋಗ್ರಾಂ ಸಾಕು. ಅದರ ಮೇಲ್ಭಾಗದಲ್ಲಿ ಗುಡ್, ಕಾಷನ್, ಬ್ಯಾಡ್ ಅಂತ ಒಂದು ಪದ ಇರುತ್ತದೆ. ಆ ಪದಕ್ಕಿಂತ ಕೆಳಗಿನ ಪಟ್ಟಿ ಮುಖ್ಯ. ಹಾರ್ಡ್ ಡಿಸ್ಕ್ ಆದರೆ ಮೂರು ಸಾಲು ನೋಡಿ. 05, ರೀಅಲೋಕೇಟೆಡ್ ಸೆಕ್ಟರ್: ಕೆಟ್ಟ ಜಾಗವನ್ನು ಬಿಟ್ಟು ಮೀಸಲು ಜಾಗಕ್ಕೆ ಸರಿಸಿದ್ದು ಎಷ್ಟು. ಸಿ5, ಪೆಂಡಿಂಗ್ ಸೆಕ್ಟರ್: ಓದಲಾಗದೆ ತೀರ್ಪಿಗೆ ಕಾಯುತ್ತಿರುವುದು ಎಷ್ಟು. ಸಿ6, ಸರಿಪಡಿಸಲಾಗದ್ದು ಎಷ್ಟು. ಕೊನೆಯ ಕಾಲಂನಲ್ಲಿ ಎಲ್ಲ ಸೊನ್ನೆಯೇ ಇದ್ದರೆ ಒಳ್ಳೆಯದು. ಆ ಕಾಲಂ 16ರ ಮಾನದಲ್ಲಿ ಇರುತ್ತದೆ, ಅಲ್ಲಿ 10 ಅಂತ ಕಂಡರೆ ನಮ್ಮ ಲೆಕ್ಕದಲ್ಲಿ 16.

ಸಿ5ರಲ್ಲಿ ಅಂಕಿ ಇದ್ದರೆ ನಿಮ್ಮ ಕಂಪ್ಯೂಟರ್ ನಿಲ್ಲುವುದಕ್ಕೆ ಅದೇ ಕಾರಣ ಇರುವ ಸಾಧ್ಯತೆ ಜಾಸ್ತಿ. 05ರಲ್ಲಿ ಒಂದೆರಡು ಬಂದು ವರ್ಷಗಟ್ಟಲೆ ಅಷ್ಟಕ್ಕೇ ನಿಂತ ಡಿಸ್ಕ್‌ಗಳೂ ಇವೆ. ಆದರೆ ಇವತ್ತು 8, ಮುಂದಿನ ವಾರ 40 ಅಂತ ಏರುತ್ತಿದ್ದರೆ ಅದರ ಮೇಲೆ ನಂಬಿಕೆ ಇಡಬೇಡಿ. ಅದೇ ಪಟ್ಟಿಯ ಸಿ7 (ಡಿಸ್ಕ್‌ಗೂ ಬೋರ್ಡಿಗೂ ನಡುವೆ ಡೇಟಾ ಸಾಗುವಾಗಿನ ತಪ್ಪು) ಏರುತ್ತಿದ್ದರೆ ಮಾತ್ರ ಖುಷಿಪಡಿ. ಅದು ಸಾಮಾನ್ಯವಾಗಿ ಕೇಬಲ್ ತೊಂದರೆ. ಡೆಸ್ಕ್‌ಟಾಪ್ ಆದರೆ ಡಿಸ್ಕ್ ಅನ್ನು ಬೋರ್ಡಿಗೆ ಜೋಡಿಸುವ ಸಾಟಾ ಕೇಬಲ್ ಬಿಚ್ಚಿ ಮತ್ತೆ ಸಿಕ್ಕಿಸಿ ನೋಡಿ, ಇಲ್ಲವೇ ಹೊಸದು ಹಾಕಿ. ಕಡಿಮೆ ದುಡ್ಡಿನಲ್ಲಿ ಮುಗಿಯುತ್ತದೆ.

ಸ್ಮಾರ್ಟ್ ಎಲ್ಲ ಸರಿ ಇದೆ ಅಂದರೆ ಡಿಸ್ಕ್ ಸರಿ ಇದೆ ಅಂತ ಖಾತ್ರಿಯಲ್ಲ. ಇವೆಂಟ್ ವ್ಯೂವರ್‌ನಲ್ಲಿ 7 ಮತ್ತು 153 ಮತ್ತೆ ಮತ್ತೆ ಇದ್ದರೆ ನಾನು ಅದನ್ನೇ ನಂಬುತ್ತೇನೆ.

ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್, ಟೂಲ್ಸ್, ಚೆಕ್ ಅಂತ ಹೋದರೆ ಫೈಲ್ ವ್ಯವಸ್ಥೆಯ ದೋಷ ಹುಡುಕಿ ಸರಿಪಡಿಸುತ್ತದೆ. ಕರೆಂಟ್ ಹೋಗಿ ಕಂಪ್ಯೂಟರ್ ದಿಢೀರ್ ಆಫ್ ಆಗುವ ಕಡೆ ಇದು ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಬ್ಯಾಟರಿ ಸತ್ತ ಲ್ಯಾಪ್‌ಟಾಪ್ ಅನ್ನು ಚಾರ್ಜರ್‌ನಲ್ಲೇ ಓಡಿಸುವವರು ಎಷ್ಟೋ ಜನ. ಕರೆಂಟ್ ಹೋದ ಕ್ಷಣ ಅದು ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್‌ನಂತೆಯೇ ನಿಲ್ಲುತ್ತದೆ. ಬರೆಯುತ್ತಿದ್ದ ಸೆಕ್ಟರ್ ಅರ್ಧಕ್ಕೇ ಉಳಿಯಬಹುದು. ಅಂಥ ಲ್ಯಾಪ್‌ಟಾಪ್‌ಗೆ ಹೊಸ ಬ್ಯಾಟರಿ ಹಾಕಿಸುವುದು ಡಿಸ್ಕ್‌ಗೆ ಮಾಡುವ ಉಪಕಾರ. ಆದರೆ ಸಾಯುತ್ತಿರುವ ಡಿಸ್ಕ್ ಮೇಲೆ ಕೆಟ್ಟ ಸೆಕ್ಟರ್ ಹುಡುಕುವ ಪೂರ್ತಿ ಸ್ಕ್ಯಾನ್ ಹಚ್ಚಬೇಡಿ. ಗಂಟೆಗಟ್ಟಲೆ ಅದನ್ನು ದಣಿಸುತ್ತದೆ. ಕಾಪಿ ಆಗದೆ ಉಳಿದ ಫೈಲ್ ಇದ್ದರೆ ಅದೂ ಹೋಗಬಹುದು.

ಡಿಸ್ಕ್ ಚೆನ್ನಾಗಿದೆ, ಆದರೂ 100%

ಆಗ ಮೊದಲು ರ‍್ಯಾಮ್ ನೋಡಿ. ನಾಲ್ಕು ಜಿಬಿ ರ‍್ಯಾಮ್ ಮತ್ತು ಹಾರ್ಡ್ ಡಿಸ್ಕ್ ಇರುವ ಲ್ಯಾಪ್‌ಟಾಪ್‌ಗಳೇ ಈ ಕಾಟಕ್ಕೆ ಹೆಚ್ಚು ಸಿಕ್ಕುತ್ತವೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ಮೆಮೊರಿ 85, 90% ದಾಟಿದ್ದರೆ ವಿಂಡೋಸ್ ಜಾಗ ಸಾಲದೆ ರ‍್ಯಾಮ್‌ನಲ್ಲಿರುವುದನ್ನು ಡಿಸ್ಕ್‌ನ ಪೇಜ್ ಫೈಲ್‌ಗೆ ಇಳಿಸಿ, ಬೇಕಾದಾಗ ಮತ್ತೆ ಎತ್ತಿಕೊಳ್ಳುತ್ತಿದೆ. ಅದೂ ಚೂರು ಚೂರಾಗಿ. ಸೆಕೆಂಡಿಗೆ 60 ಚೂರಿನ ಲೆಕ್ಕ ನೆನಪಿದೆಯಲ್ಲ, ಅದಕ್ಕೇ ಎಲ್ಲವೂ ನಿಂತುಬಿಡುತ್ತದೆ.

ಖಚಿತ ಮಾಡಿಕೊಳ್ಳಲು ಸ್ಟಾರ್ಟ್ ಮೆನುವಿನಿಂದ ರಿಸೋರ್ಸ್ ಮಾನಿಟರ್ ತೆರೆಯಿರಿ. ಮೆಮೊರಿ ಭಾಗದಲ್ಲಿ 'ಹಾರ್ಡ್ ಫಾಲ್ಟ್ಸ್' ಅನ್ನುವ ಗೆರೆ ಇದೆ. ಹೆಸರು ಕೇಳಿ ಬೆಚ್ಚಬೇಡಿ, ಯಂತ್ರ ಕೆಟ್ಟಿದೆ ಅಂತ ಅಲ್ಲ. ರ‍್ಯಾಮ್‌ನಲ್ಲಿ ಸಿಗದ್ದನ್ನು ಡಿಸ್ಕ್‌ನಿಂದ ತಂದ ಲೆಕ್ಕ ಅದು. ಕಂಪ್ಯೂಟರ್ ನಿಂತಾಗಲೆಲ್ಲ ಆ ಗೆರೆ ನೂರಾರರಲ್ಲಿ ಓಡುತ್ತಿದ್ದರೆ ಬೇಕಾದ್ದು ರ‍್ಯಾಮ್. ಬ್ರೌಸರ್‌ನ ಟ್ಯಾಬ್‌ಗಳನ್ನು ಮುಚ್ಚಿ ನೋಡಿ. ಒಂದೆರಡು ನಿಮಿಷದಲ್ಲಿ ಡಿಸ್ಕ್ ಇಳಿದರೆ ಉತ್ತರ ಸಿಕ್ಕಿತು.

ರ‍್ಯಾಮ್ ಹಾಕಿಸುವ ಮುಂಚೆ ಟಾಸ್ಕ್ ಮ್ಯಾನೇಜರ್‌ನ ಮೆಮೊರಿ ಪುಟದಲ್ಲೇ 'ಸ್ಲಾಟ್ಸ್ ಯೂಸ್ಡ್' ನೋಡಿ. ಎರಡರಲ್ಲಿ ಒಂದು ಅಂತ ಇದ್ದರೆ ಇನ್ನೊಂದು ಖಾಲಿ ಇದೆ. ಪಕ್ಕದಲ್ಲಿ 'ರೋ ಆಫ್ ಚಿಪ್ಸ್' ಅಂತ ಇದ್ದರೆ ರ‍್ಯಾಮ್ ಬೋರ್ಡಿಗೇ ಬೆಸೆದಿದೆ, ತೆಗೆಯಲಾಗದು. ಡಿಡಿಆರ್3, ಡಿಡಿಆರ್4 ಒಂದರ ಜಾಗಕ್ಕೆ ಒಂದು ಕೂರುವುದಿಲ್ಲ. ಬೆಂಗಳೂರಿನ ಎಸ್‌.ಪಿ. ರಸ್ತೆಗೋ ನಿಮ್ಮೂರಿನ ಅಂಗಡಿಗೋ ಹೋಗುವಾಗ ಹಳೆಯ ಚಿಪ್‌ನ ಲೇಬಲ್ ಫೋಟೋ ತೆಗೆದುಕೊಂಡು ಹೋಗಿ.

ಮೆಮೊರಿಯಲ್ಲೂ ಜಾಗ ಇದೆ ಅಂದರೆ, ಡಿಸ್ಕ್ ಬಳಸುತ್ತಿರುವ ಪ್ರೋಗ್ರಾಂ ಯಾವುದು ಅಂತ ಹಿಡಿಯಬೇಕು. ರಿಸೋರ್ಸ್ ಮಾನಿಟರ್‌ನ ಡಿಸ್ಕ್ ಭಾಗದಲ್ಲಿ ಯಾವ ಪ್ರೋಗ್ರಾಂ ಯಾವ ಫೈಲ್ ಓದುತ್ತಿದೆ ಅಂತ ಫೈಲ್ ಹೆಸರಿನ ಸಮೇತ ಕಾಣುತ್ತದೆ. 'ವಿಂಡೋಸ್ ಮಾಡ್ಯೂಲ್ಸ್ ಇನ್‌ಸ್ಟಾಲರ್ ವರ್ಕರ್' ಮೇಲಿದ್ದರೆ ಅಪ್‌ಡೇಟ್ ನಡೆಯುತ್ತಿದೆ. ಮೈಕ್ರೋಸಾಫ್ಟ್ ಪ್ರತಿ ತಿಂಗಳ ಎರಡನೇ ಮಂಗಳವಾರ ಭದ್ರತಾ ಅಪ್‌ಡೇಟ್ ಬಿಡುತ್ತದೆ. ಅಮೆರಿಕದ ಆ ಬೆಳಗ್ಗೆ ನಮಗೆ ರಾತ್ರಿ. ಹಾಗಾಗಿ ನಮ್ಮಲ್ಲಿ ಮರುದಿನ ಬುಧವಾರ ಕಂಪ್ಯೂಟರ್ ಎಳೆಯುತ್ತದೆ. ಅವತ್ತು ಅದನ್ನು ಆನ್ ಮಾಡಿ ಬಿಟ್ಟು ಬೇರೆ ಕೆಲಸ ನೋಡಿ, ಮಧ್ಯದಲ್ಲಿ ಆಫ್ ಮಾಡಿದರೆ ನಾಳೆ ಮತ್ತೆ ಶುರು ಮಾಡುತ್ತದೆ. ಅಪ್‌ಡೇಟನ್ನೇ ನಿಲ್ಲಿಸುವ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ.

'ಆ್ಯಂಟಿಮಾಲ್‌ವೇರ್ ಸರ್ವಿಸ್ ಎಕ್ಸಿಕ್ಯೂಟಬಲ್' ಅನ್ನುವುದು ವಿಂಡೋಸ್‌ನದೇ ಡಿಫೆಂಡರ್. ವೈರಸ್ ಅಂತ ತಿಳಿದು ಅದನ್ನು ಕೊಲ್ಲಲು ಹೋಗುವವರಿದ್ದಾರೆ. ಅದು ಕಾವಲುಗಾರ, ಸ್ಕ್ಯಾನ್ ಮುಗಿದ ಮೇಲೆ ಸುಮ್ಮನಾಗುತ್ತದೆ. ಹೊರಗಿನ ಆ್ಯಂಟಿವೈರಸ್ ಎರಡೆರಡು ಇದ್ದರೆ ಒಂದನ್ನು ತೆಗೆಯಿರಿ.

ಸಿಸ್‌ಮೈನ್ ಅನ್ನುವ ಸೇವೆ ಮೇಲಿದ್ದರೆ ಪರೀಕ್ಷೆ ಸುಲಭ. ಇದರ ಹಳೆಯ ಹೆಸರು ಸೂಪರ್‌ಫೆಚ್. ನೀವು ಹೆಚ್ಚು ಬಳಸುವ ಪ್ರೋಗ್ರಾಂಗಳನ್ನು ಮುಂಚೆಯೇ ರ‍್ಯಾಮ್‌ಗೆ ತಂದಿಡುವುದು ಇದರ ಕೆಲಸ. ಸರ್ವಿಸಸ್ ಕಿಟಕಿಯಲ್ಲಿ ಅದನ್ನು 'ಸ್ಟಾಪ್' ಮಾಡಿ, 'ಡಿಸೇಬಲ್' ಬೇಡ. ಸ್ಟಾಪ್ ಮಾಡಿದ್ದು ರೀಸ್ಟಾರ್ಟ್ ಮಾಡಿದರೆ ತಾನಾಗಿ ಮತ್ತೆ ಬರುತ್ತದೆ. ಅರ್ಧ ಗಂಟೆ ಕೆಲಸ ಮಾಡಿ ನೋಡಿ. ವ್ಯತ್ಯಾಸ ಕಾಣದಿದ್ದರೆ ಅದರ ತಪ್ಪಿಲ್ಲ. ಫೈಲ್ ಬೇಗ ಹುಡುಕಲು ಮುಂಚೆಯೇ ಪಟ್ಟಿ ಮಾಡಿಡುವ ಸರ್ಚ್ ಇಂಡೆಕ್ಸಿಂಗ್‌ಗೂ ಇದೇ ವಿಧಾನ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ. ಐದು ಸೇವೆಗಳನ್ನು ಒಟ್ಟಿಗೆ ನಿಲ್ಲಿಸಿದರೆ ಯಾವುದರಿಂದ ಗುಣವಾಯಿತು ಅಂತ ಗೊತ್ತಾಗುವುದೇ ಇಲ್ಲ.

ಸ್ಟಾರ್ಟಪ್ ಆ್ಯಪ್ಸ್ ಪಟ್ಟಿಯಲ್ಲಿ 'ಹೈ' ಅಂತ ಇರುವ ಬೇಡದವುಗಳನ್ನು ಆಫ್ ಮಾಡಿ. ಸಿ ಡ್ರೈವ್ ತುಂಬಿದ್ದರೆ ಸ್ಟೋರೇಜ್ ಸೆಟ್ಟಿಂಗ್‌ನಿಂದ ಟೆಂಪರರಿ ಫೈಲ್ಸ್ ತೆಗೆಯಿರಿ, ಆದರೆ ಆ ಪಟ್ಟಿಯಲ್ಲಿ ಡೌನ್‌ಲೋಡ್ಸ್ ಕೂಡ ಇರುತ್ತದೆ, ಅದಕ್ಕೆ ಟಿಕ್ ಬಿದ್ದಿಲ್ಲ ಅಂತ ನೋಡಿಕೊಳ್ಳಿ. ಇನ್ನೊಂದು ಸಣ್ಣ ಸಂಗತಿ: ವಿಂಡೋಸ್ 8ರಿಂದೀಚೆಗೆ ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಶಟ್‌ಡೌನ್ ಪೂರ್ತಿ ಶಟ್‌ಡೌನ್ ಅಲ್ಲ. ಒಳಗಿನ ತಿರುಳು ಡಿಸ್ಕ್‌ಗೆ ಹೋಗಿ ಮಲಗಿರುತ್ತದೆ. ಟಾಸ್ಕ್ ಮ್ಯಾನೇಜರ್‌ನ ಸಿಪಿಯು ಪುಟದಲ್ಲಿ 'ಅಪ್ ಟೈಮ್' ಹದಿನೈದು ದಿನ ಅಂತ ತೋರಿಸಿದರೆ ಆಶ್ಚರ್ಯಪಡಬೇಡಿ. ಪೂರ್ತಿ ಹೊಸದಾಗಿ ಶುರುವಾಗಬೇಕಾದರೆ ರೀಸ್ಟಾರ್ಟ್ ಕೊಡಿ.

ಡಿಸ್ಕ್ ಬದಲಾಯಿಸುವುದು ಅಂತ ಆದರೆ

ಡಿಸ್ಕ್ ಸಾಯುತ್ತಿರಲಿ ಬಿಡಲಿ, ಹಾರ್ಡ್ ಡಿಸ್ಕ್ ಜಾಗಕ್ಕೆ ಎಸ್‌ಎಸ್‌ಡಿ ಹಾಕಿಸುವುದೇ ಹಳೆಯ ಯಂತ್ರಕ್ಕೆ ಮಾಡಬಹುದಾದ ದೊಡ್ಡ ಸುಧಾರಣೆ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ತಿರುಗುವ ತಟ್ಟೆಯೇ ಇಲ್ಲದ ಕಾರಣ ಸೆಕೆಂಡಿಗೆ 60 ಚೂರಿನ ಮಿತಿ ಸಾವಿರಾರಕ್ಕೆ ಏರುತ್ತದೆ. ಹಳೆಯ ಲ್ಯಾಪ್‌ಟಾಪ್‌ಗೆ 2.5 ಇಂಚಿನ ಸಾಟಾ ಎಸ್‌ಎಸ್‌ಡಿ ಸಾಕು. ದುಬಾರಿಯದು ಹಾಕಿದರೂ ಆ ದಾರಿಯಲ್ಲಿ ಸೆಕೆಂಡಿಗೆ ಸುಮಾರು 550 ಎಂಬಿಗಿಂತ ಜಾಸ್ತಿ ಹೋಗುವುದಿಲ್ಲ.

ಹಳೆಯ ಡಿಸ್ಕ್ ಚೆನ್ನಾಗಿದ್ದರೆ ಕ್ಲೋನ್ ಮಾಡಿಸಬಹುದು, ಅಂದರೆ ಇಡೀ ಡಿಸ್ಕನ್ನು ಇದ್ದಹಾಗೇ ಹೊಸದಕ್ಕೆ ನಕಲು ಮಾಡುವುದು. ಸಿ5ರಲ್ಲಿ ಅಂಕಿ ಇದ್ದರೆ ಕ್ಲೋನ್ ಬೇಡ. ಮಧ್ಯದಲ್ಲೇ ನಿಲ್ಲಬಹುದು, ಇಲ್ಲವೇ ಕೆಟ್ಟ ಫೈಲ್‌ಗಳೂ ಜೊತೆಗೇ ಬರಬಹುದು. ಹೊಸ ಎಸ್‌ಎಸ್‌ಡಿಗೆ ವಿಂಡೋಸ್ ಹೊಸದಾಗಿ ಹಾಕಿ, ಆಗಲೇ ಎತ್ತಿಟ್ಟ ಫೈಲ್‌ಗಳನ್ನು ತುಂಬಿ. ವಿಂಡೋಸ್ ಕೀಗೆ ಮತ್ತೆ ದುಡ್ಡು ಕೇಳಿದರೆ ಸ್ವಲ್ಪ ತಡೆಯಿರಿ. ವಿಂಡೋಸ್ 10, 11ರ ಡಿಜಿಟಲ್ ಲೈಸೆನ್ಸ್ ಮುಖ್ಯವಾಗಿ ಮದರ್‌ಬೋರ್ಡ್‌ಗೆ ಅಂಟಿರುತ್ತದೆ. ಡಿಸ್ಕ್ ಬದಲಾದರೆ ಅದೇ ಆವೃತ್ತಿ ಹಾಕಿ ಇಂಟರ್‌ನೆಟ್ ಕೊಟ್ಟಾಗ ಸಾಮಾನ್ಯವಾಗಿ ತಾನಾಗಿ ಆ್ಯಕ್ಟಿವೇಟ್ ಆಗುತ್ತದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹೊಸದಾಗಿ ಹಾಕುವ ಮುಂಚೆ ನಿಮ್ಮ ಯಂತ್ರದಲ್ಲಿ ವಿಂಡೋಸ್ 11 ಕೇಳುವ ಟಿಪಿಎಂ 2.0 ಅನ್ನುವ ಭದ್ರತಾ ವ್ಯವಸ್ಥೆ ಇದೆಯೇ, ಪ್ರೊಸೆಸರ್ ವಿಂಡೋಸ್ 11ರ ಪಟ್ಟಿಯಲ್ಲಿ ಇದೆಯೇ ಅಂತ ನೋಡಿಕೊಳ್ಳಿ.

ತೆಗೆದ ಹಳೆಯ ಡಿಸ್ಕ್ ಅನ್ನು ಅಂಗಡಿಯಲ್ಲಿ ಬಿಟ್ಟು ಬರಬೇಡಿ, ಕೇಳಿ ತೆಗೆದುಕೊಳ್ಳಿ. ಅದರಲ್ಲಿ ನಿಮ್ಮ ಆಧಾರ್ ಸ್ಕ್ಯಾನ್, ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲ ಓದುವಂತೆಯೇ ಇರುತ್ತವೆ. ಹೊಸ ಡಿಸ್ಕ್‌ನಲ್ಲಿ ಎಲ್ಲ ಫೈಲ್ ತೆರೆದು ನೋಡಿ, ಏನೂ ಬಿಟ್ಟುಹೋಗಿಲ್ಲ ಅಂತ ಖಾತ್ರಿಯಾಗುವವರೆಗೆ ಒಂದೆರಡು ತಿಂಗಳು ಕಬೋರ್ಡಿನಲ್ಲಿ ಇಟ್ಟಿರಿ. ಆಮೇಲೆ ಡ್ರಿಲ್‌ನಿಂದ ತಟ್ಟೆಗೆ ತೂತು ಹಾಕಿಸಿ ಇ-ತ್ಯಾಜ್ಯಕ್ಕೆ ಕೊಡಿ.